ಬೆಂಗಳೂರಿನ ಕನ್ನಡ ಸಭೆಯಲ್ಲಿ ತರಬೇತಿ ಸೇವೆ: ಹೊಸಬರು ಸಭೆಯೊಂದಿಗೆ ಬೆರೆಯುವುದು ಹೇಗೆ?

ಪ್ರಶ್ನೆ: ಬೆಟಗೇರಿಯ ಸಹೋದರಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಾನು ಗದಗ-ಬೆಟಗೇರಿಯವಳು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಿ.ಡಿ. (ದೈವಶಾಸ್ತ್ರದ ಪದವಿ) ಮುಗಿಸಿ, ಸಭಾಪಾಲಕಿಯಾಗುವ ದೀಕ್ಷೆಗೆ ಮುಂಚಿನ ತರಬೇತಿಗಾಗಿ ಬೆಂಗಳೂರಿನ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಗೆ ಒಂದು ವರ್ಷದ ಮಟ್ಟಿಗೆ ಬಂದಿದ್ದೇನೆ. ಇಲ್ಲಿಯ ಅಯ್ಯನವರೂ (ಸಭಾಪಾಲಕರು) ಅಮ್ಮನವರೂ ನನ್ನನ್ನು ಪ್ರೀತಿಯಿಂದ ಬರಮಾಡಿಕೊಂಡರು. ಆ ವಿಷಯದಲ್ಲಿ ಕೊರತೆಯೇನೂ ಇಲ್ಲ.

ತೊಡಕು ಇರುವುದು ಸಭೆಯವರನ್ನು ಅರಿಯುವುದರಲ್ಲಿ. ನಮ್ಮ ಊರಿನಲ್ಲಿ ದೇವಾಲಯದ ಹತ್ತಿರದ ಓಣಿಗಳಲ್ಲೇ ಸಭೆಯ ಬಹಳಷ್ಟು ಮನೆಗಳಿರುವುದರಿಂದ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ ಎಂಬುದು ಸಂಜೆ ಹೊರಗೆ ಕಾಲಿಟ್ಟರೆ ತಾನಾಗಿಯೇ ತಿಳಿಯುತ್ತದೆ. ಇಲ್ಲಿ ಒಂದು ಕುಟುಂಬ ಕೆಂಗೇರಿಯಿಂದ ಬಂದರೆ ಇನ್ನೊಂದು ಯಲಹಂಕದಿಂದ ಬರುತ್ತದೆ. ಆರಾಧನೆ ಮುಗಿದು ಕೈಕುಲುಕುವಷ್ಟರಲ್ಲಿ ಎಲ್ಲರೂ ಹೊರಟುಹೋಗಿರುತ್ತಾರೆ. ಸಂಡೇ ಸ್ಕೂಲಿನ ಮಕ್ಕಳಲ್ಲಿ ಅನೇಕರು ಕನ್ನಡ ಮಾತನಾಡುತ್ತಾರಾದರೂ ಸತ್ಯವೇದವನ್ನು ಕನ್ನಡದಲ್ಲಿ ಓದಲಾರರು. ನಾನು ಪಿ.ಜಿ.ಯಲ್ಲಿ ಒಬ್ಬಳೇ ಇರುವುದರಿಂದ ಕತ್ತಲಾದ ಮೇಲೆ ದೂರದ ಮನೆಗಳನ್ನು ಸಂದರ್ಶಿಸುವುದಕ್ಕೂ ಹಿಂಜರಿಕೆಯಾಗುತ್ತದೆ. ಇಂಥ ನಗರದಲ್ಲಿ ಸೇವೆ ಮಾಡಿದವರು, ತರಬೇತಿಗೆ ಬಂದವರನ್ನು ಹತ್ತಿರದಿಂದ ಕಂಡವರು, ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಹಳೆಯ ಸಭಿಕ, ಬೆಂಗಳೂರು

ಸಹೋದರಿಯವರಿಗೆ ವಂದನೆಗಳು. ನಾನು ಹಲವು ವರ್ಷ ಸಭಾಪಾಲನಾ ಸಮಿತಿಯಲ್ಲಿದ್ದವನು. ನೀವು ಕಾಣುತ್ತಿರುವ ಚದುರುವಿಕೆಗೆ ಕಾರಣವಿದೆ. ವೆಸ್ಲಿಯನ್ ಮಿಷನ್ನಿನ ಹಡ್ಸನ್ ಸ್ಮಾರಕ ದೇವಾಲಯವಾಗಲಿ, ಅವೆನ್ಯೂ ರಸ್ತೆಯಲ್ಲಿ ಲಂಡನ್ ಮಿಷನ್ನಿನವರು ಕಟ್ಟಿದ ರೈಸ್ ಸ್ಮಾರಕ ದೇವಾಲಯವಾಗಲಿ, ಊರು ಚಿಕ್ಕದಾಗಿದ್ದ ಕಾಲದಲ್ಲಿ ಪೇಟೆಯ ಆಸುಪಾಸಿನವರಿಗಾಗಿ ಎದ್ದು ನಿಂತವು. ಮಕ್ಕಳು ಮೊಮ್ಮಕ್ಕಳು ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡರು, ಆದರೆ ಅಜ್ಜ ಅಜ್ಜಿಯರ ದೀಕ್ಷಾಸ್ನಾನವಾದ ದೇವಾಲಯವನ್ನು ಬಿಡಲು ಅವರಿಗೆ ಮನಸ್ಸಿಲ್ಲ. ಹತ್ತಿರದ ಸಭೆಗಳನ್ನು ದಾಟಿಕೊಂಡು ಅಷ್ಟು ದೂರ ಬರುವವರನ್ನು, ಬೇಗ ಹೊರಟುಹೋಗುತ್ತಾರೆ ಎಂಬ ಕಾರಣಕ್ಕೆ ಉದಾಸೀನರೆಂದು ಎಣಿಸಬೇಡಿ.

ಅಯ್ಯನವರನ್ನು ಕೇಳಿ, ಸದಸ್ಯರ ಪಟ್ಟಿಯನ್ನು ಬಡಾವಣೆವಾರು ಬರೆದಿಟ್ಟುಕೊಳ್ಳಿ. ಒಂದು ದಿನಕ್ಕೆ ಒಂದೇ ದಿಕ್ಕನ್ನು ಹಿಡಿದು, ಹಿಂದಿನ ದಿನವೇ ದೂರವಾಣಿ ಮಾಡಿ ಹೋಗಿ. ಹೇಳದೆ ಕೇಳದೆ ಬಾಗಿಲು ತಟ್ಟುವ ನಮ್ಮ ಹಳೆಯ ರೂಢಿ ಇಲ್ಲಿಯ ನೌಕರಿಯವರ ಮನೆಗಳಲ್ಲಿ ನಡೆಯುವುದಿಲ್ಲ. ವೃದ್ಧರು ಮಾತ್ರ ಹಗಲೆಲ್ಲ ಮನೆಯಲ್ಲಿರುತ್ತಾರೆ. ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಅವರ ಬಳಿ ಹೋಗಿ ಒಂದು ಕೀರ್ತನೆ ಹಾಡಿ ಪ್ರಾರ್ಥಿಸಿದರೆ, ಸಭೆಯ ಮೂರು ತಲೆಮಾರಿನ ಸಂಗತಿಯನ್ನು ಅವರೇ ಹೇಳುತ್ತಾರೆ.

ಇನ್ನೊಂದು ಮಾತು. ಹೊಸೂರು ರಸ್ತೆಯ ಸ್ಮಶಾನಕ್ಕೆ ಅಯ್ಯನವರು ಹೋಗುವಾಗಲೆಲ್ಲ ಸಾಧ್ಯವಾದರೆ ಜೊತೆಗೆ ಹೋಗಿ. ಮಣ್ಣಾದ ಮೇಲೆ ಆ ಮನೆಯವರ ಬಳಿ ಸುಮ್ಮನೆ ಕುಳಿತವರನ್ನು ಅವರು ಮರೆಯುವುದಿಲ್ಲ. ಪ್ರಸಂಗ ಚೆನ್ನಾಗಿತ್ತೋ ಇಲ್ಲವೋ ಎಂಬುದು ನಮ್ಮ ಸಭೆಗಳಲ್ಲಿ ಅದರ ನಂತರದ ಪ್ರಶ್ನೆ.

ಉತ್ತರ: ಸಭಾಪಾಲಕಿ, ಮೈಸೂರು ಕಡೆ

ಮೇಲಿನ ಹಿರಿಯರ ಮಾತನ್ನು ಒಪ್ಪುತ್ತೇನೆ. ಆದರೆ ಅದರೊಡನೆ ಒಂದು ಎಚ್ಚರಿಕೆಯೂ ಬೇಕು. ತರಬೇತಿಗೆ ಬಂದವರು ಯಾವುದಕ್ಕೂ ಇಲ್ಲವೆನ್ನುವುದಿಲ್ಲ ಎಂಬ ಕಾರಣಕ್ಕೆ ಕ್ವೈರ್, ಯುವಜನ ಸಂಘ, ಸ್ತ್ರೀಯರ ಕೂಟ, ಸಂಡೇ ಸ್ಕೂಲ್, ಎಲ್ಲವೂ ಅವರ ಹೆಗಲಿಗೆ ಬೀಳುತ್ತವೆ. ವಾರದ ಯಾವ ದಿನ ಏನು ಕೆಲಸ, ಯಾವ ದಿನ ಬಿಡುವು, ಓಡಾಟದ ಖರ್ಚನ್ನು ಯಾರು ಕೊಡುತ್ತಾರೆ ಎಂಬುದನ್ನು ಅಯ್ಯನವರೊಡನೆ ಕುಳಿತು ಬರೆದುಕೊಳ್ಳಿ. ಹಾಗೆ ಕೇಳುವುದು ಸೇವಾಮನೋಭಾವಕ್ಕೆ ವಿರುದ್ಧವಲ್ಲ. ಬಿಡುವಿಲ್ಲದೆ ದುಡಿದವರು ಡಿಸೆಂಬರ್ ತಿಂಗಳ ಕ್ಯಾರೊಲ್ ರಾತ್ರಿಗಳ ಹೊತ್ತಿಗೆ ದಣಿದು, ಶುಭಶುಕ್ರವಾರದಂದು ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನದಲ್ಲಿ ಒಂದು ಮಾತು ತಮ್ಮ ಪಾಲಿಗೆ ಬಂದಾಗ ಸಿದ್ಧರಾಗುವುದಕ್ಕೂ ಶಕ್ತಿಯಿಲ್ಲದಂತಾಗುತ್ತಾರೆ.

ಸಂಜೆಯ ಸಂದರ್ಶನಕ್ಕೆ ಒಬ್ಬರೇ ಹೋಗಬೇಡಿ. ಸ್ತ್ರೀಯರ ಕೂಟದಲ್ಲಿ ಆಯಾ ಬಡಾವಣೆಯ ಅಕ್ಕಂದಿರು ಇದ್ದೇ ಇರುತ್ತಾರೆ; ಅವರಲ್ಲೊಬ್ಬರು ಜೊತೆಗಿದ್ದರೆ ನಿಮಗೆ ಧೈರ್ಯ, ಹೋದ ಮನೆಯವರಿಗೂ ಸಲುಗೆ. ಹೆಣ್ಣುಮಕ್ಕಳಿಗೆ ದೀಕ್ಷೆ ಏಕೆ ಎಂದು ಕೇಳುವ ಹಿರಿಯರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಅವರೊಡನೆ ವಾದಕ್ಕೆ ಇಳಿಯದೆ ಸಭೆಯ ನಿರ್ಣಯವನ್ನು ಗೌರವದಿಂದ ತಿಳಿಸಿ: ಸಿ.ಎಸ್.ಐ.ಯಲ್ಲಿ 1970ರ ದಶಕದಿಂದಲೇ ಸ್ತ್ರೀಯರಿಗೆ ದೀಕ್ಷೆಯಾಗುತ್ತಿದೆ, 2013ರಲ್ಲಿ ನಂದ್ಯಾಲ ಸಭಾಪ್ರಾಂತಕ್ಕೆ (ಡಯಾಸಿಸ್) ಪುಷ್ಪಲಲಿತಾ ಅವರು ಬಿಷಪರಾಗಿ ಅಭಿಷಿಕ್ತರಾದರು. ಇದು ನಮ್ಮ ವೈಯಕ್ತಿಕ ಹಟವಲ್ಲ, ಸಭೆಯೇ ಪ್ರಾರ್ಥಿಸಿ ತೆಗೆದುಕೊಂಡ ತೀರ್ಮಾನ.

ತಿಂಗಳಿಗೊಮ್ಮೆ ಬೇರೊಂದು ದೇವಾಲಯದ ಸಂಜೆಯ ಆರಾಧನೆಗೆ ಹೋಗಿ, ಯಾರೂ ಗುರುತಿಸದ ಕಡೆ ಕುಳಿತು ಬನ್ನಿ. ಸದಾ ಕೊಡುತ್ತಲೇ ಇರುವವರಿಗೆ ಪಡೆಯುವ ಸ್ಥಳವೂ ಬೇಕು.

ಉತ್ತರ: ಸಂಡೇ ಸ್ಕೂಲ್ ಶಿಕ್ಷಕಿ

ಮಕ್ಕಳ ವಿಷಯ ಮಾತ್ರ ಹೇಳುತ್ತೇನೆ. ವಾಕ್ಯಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಡುವ ಸುಲಭದ ದಾರಿಯನ್ನು ಹಿಡಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಮ್ಮೆ ರೂಢಿಯಾದರೆ ಮಕ್ಕಳು ಕನ್ನಡ ಅಕ್ಷರದ ಕಡೆ ತಿರುಗುವುದೇ ಇಲ್ಲ. ಮೊದಲು ಕಂಠಪಾಠ ಮಾಡಿಸಿ. ಸತ್ಯವೇದದ 23ನೆಯ ಕೀರ್ತನೆಯನ್ನು ಬಾಯಲ್ಲಿ ಹೇಳಬಲ್ಲ ಮಗುವಿನ ಮುಂದೆ ಅದೇ ಪುಟವನ್ನು ತೆರೆದಿಟ್ಟರೆ, ಗೊತ್ತಿರುವ ಮಾತುಗಳ ಮೂಲಕ ಅಕ್ಷರಗಳನ್ನು ತಾನೇ ಗುರುತಿಸತೊಡಗುತ್ತದೆ. ನಮ್ಮಲ್ಲಿ ಮನೆಯಲ್ಲಿ ತಮಿಳು, ತೆಲುಗು ಆಡುವ ಮಕ್ಕಳೂ ಹೀಗೆಯೇ ಕಲಿತಿದ್ದಾರೆ. ತಂದೆತಾಯಿಗಳನ್ನು ಸೇರಿಸಿಕೊಳ್ಳದೆ ಮಾತ್ರ ಇದು ಆಗುವುದಿಲ್ಲ.

ಉತ್ತರ: ನಿವೃತ್ತ ಸಭಾಪಾಲಕ, ಧಾರವಾಡ

ನಮ್ಮ ಕಡೆಯ ಮಗಳು ಎಂಬ ಸಲುಗೆಯಿಂದ ಬರೆಯುತ್ತೇನೆ. ಬೇರೆ ದೇವಾಲಯಕ್ಕೆ ಹೋಗಿ ಕುಳಿತುಕೊಳ್ಳಿ ಎಂಬ ಸಲಹೆ ಒಳ್ಳೆಯದೇ. ಆದರೆ ಮೊದಲ ಕೆಲವು ತಿಂಗಳು ಬೇಡ. ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ) ಸಂಸ್ಕಾರವನ್ನು ದೀಕ್ಷೆ ಪಡೆದ ಸಭಾಪಾಲಕರೇ ನಡೆಸಬೇಕು ಎಂಬುದು ನಮ್ಮ ಕ್ರಮ. ಆದ್ದರಿಂದ ಈ ಒಂದು ವರ್ಷ ನಿಮಗೆ ಜನರ ನಡುವೆ ಬೆಂಚಿನಲ್ಲಿ ಕುಳಿತುಕೊಳ್ಳುವ ಅವಕಾಶವಿದೆ. ಮುಂದೆ ಜೀವಮಾನವಿಡೀ ಅದು ಅಪರೂಪವಾಗುತ್ತದೆ. ಪಾಠ ಓದುವ, ಪ್ರಸಂಗ ಮಾಡುವ ಸರದಿ ಇಲ್ಲದ ಭಾನುವಾರ ಪೀಠದ ಬಳಿಯ ಕುರ್ಚಿಯನ್ನು ಬಿಟ್ಟು, ಅಯ್ಯನವರ ಅಪ್ಪಣೆ ಪಡೆದು, ಪ್ರತಿಸಲವೂ ಬೇರೆ ಬೇರೆ ಸಾಲಿನಲ್ಲಿ ಕುಳಿತುಕೊಳ್ಳಿ. ಸಿ.ಎಸ್.ಐ. ಆರಾಧನಾಕ್ರಮದಲ್ಲಿ ಸಮಾಧಾನದ ವಂದನೆಯನ್ನು ಪಕ್ಕದವರಿಗೆ ಕೈಯಿಂದ ಕೈಗೆ ಸಾಗಿಸುವ ಪದ್ಧತಿ ಇದೆಯಲ್ಲ, ಆಗ ಪಕ್ಕದವರ ಮುಖ ನೋಡಿರುತ್ತೀರಿ. ಆರಾಧನೆ ಮುಗಿದ ಕೂಡಲೇ ಅವರ ಹೆಸರು, ಬಡಾವಣೆ ಕೇಳುವುದಕ್ಕೆ ಸಂಕೋಚವಿರುವುದಿಲ್ಲ.

ಸುಗ್ಗಿ ಹಬ್ಬದಲ್ಲಿ ಕಾಣಿಕೆಗಳ ಹರಾಜಿನ ಕೆಲಸಕ್ಕೂ ಸೇರಿಕೊಳ್ಳಿ. ಎಂದೂ ನಿಲ್ಲದವರು ಅಂದು ಮಧ್ಯಾಹ್ನದವರೆಗೆ ನಿಲ್ಲುತ್ತಾರೆ.

ಬೆಟಗೇರಿಯ ಸಹೋದರಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಬಡಾವಣೆವಾರು ಪಟ್ಟಿಯನ್ನು ಕೊಡಲು ಅಯ್ಯನವರು ಒಪ್ಪಿದ್ದಾರೆ. ಬಿಡುವಿನ ದಿನದ ಮಾತನ್ನೂ ಎತ್ತಿದೆ, ಸೋಮವಾರ ಎಂದು ನಿಶ್ಚಯವಾಯಿತು. ಹಳೆಯ ಸಭಿಕರಲ್ಲಿ ಒಂದು ಪ್ರಶ್ನೆ: ಬಹಳ ಕಾಲದಿಂದ ಆರಾಧನೆಗೆ ಬಾರದವರ ಹೆಸರುಗಳೂ ಪಟ್ಟಿಯಲ್ಲಿವೆ. ಅವರ ಮನೆಗಳಿಗೆ ನಾನು ಮೊದಲೇ ಹೋಗಬಹುದೇ?

ಹಳೆಯ ಸಭಿಕ, ಬೆಂಗಳೂರು

ಮೊದಲೇ ಬೇಡ ತಾಯಿ. ಬಾರದಿರುವುದಕ್ಕೆ ಕೆಲವರಿಗೆ ಕಾಯಿಲೆ ಕಾರಣವಿದ್ದರೆ ಕೆಲವರಿಗೆ ಸಮಿತಿಯೊಡನೆ ಬಂದ ಮನಸ್ತಾಪ ಕಾರಣವಿರುತ್ತದೆ, ಅದು ಪಟ್ಟಿಯಿಂದ ತಿಳಿಯುವುದಿಲ್ಲ. ಅಯ್ಯನವರ ಬಳಿ ಒಂದೊಂದು ಹೆಸರನ್ನೂ ಕೇಳಿ ತಿಳಿದುಕೊಳ್ಳಿ. ಕಾಯಿಲೆಯವರ ಮನೆಗೆ ಈ ವಾರವೇ ಹೋಗಿ, ಮನಸ್ತಾಪವಿರುವ ಮನೆಗೆ ಮೊದಲ ಸಲ ಅಯ್ಯನವರ ಜೊತೆಯಲ್ಲೇ ಹೋಗಿ.