ಶಾಲೆಯ ಲಸಿಕೆ ಚೀಟಿಗೆ ಸಹಿ ಹಾಕಿದ್ದೀರಾ? (ಸಾಲಗಾಮೆ ರಸ್ತೆ ನಿವಾಸಿಗಳ ಗುಂಪು, ಹಾಸನ)

ಕಾರ್ಯದರ್ಶಿ: ನಮಸ್ಕಾರ. ಐದನೇ, ಹತ್ತನೇ ತರಗತಿ ಮಕ್ಕಳಿಗೆ ಟಿಡಿ (ಧನುರ್ವಾಯು, ಗಂಟಲುಮಾರಿ ತಡೆಯುವ) ಲಸಿಕೆ ಹಾಕಲು ಶಾಲೆಯಿಂದ ಚೀಟಿ ಬಂದಿತ್ತು. ನಮ್ಮ ಬಡಾವಣೆಯ ಬಹಳಷ್ಟು ಚೀಟಿಗಳು ಸಹಿ ಇಲ್ಲದೆ ವಾಪಸ್ ಹೋಗಿವೆ ಅಂತ ಆಶಾ ಅಕ್ಕ ಬೇಜಾರು ಮಾಡಿಕೊಂಡರು. ಏನು ಸಮಸ್ಯೆ?

2ನೇ ಕ್ರಾಸ್, ಹಸಿರು ಗೇಟ್ ಮನೆ: ಪರೀಕ್ಷೆ ವರ್ಷ ಸರ್. ಕೈನೋವು, ಜ್ವರ ಅಂತ ಮಲಗಿದರೆ ಓದೋದು ಯಾವಾಗ? ಚಿಕ್ಕವನಿದ್ದಾಗ ಎಲ್ಲಾ ಹಾಕಿಸಿದ್ದೇವೆ. ಸೈಕಲ್‌ನಿಂದ ಬಿದ್ದಾಗ ಟಿಟಿನೂ ಆಗಿದೆ.

ಅಂಗಡಿ ಮನೆ: ಪೋಲಿಯೋ ಹನಿ ಹಾಕಿಸಿದ್ದೇವಲ್ಲ, ಅದರಲ್ಲಿ ಇದು ಬರಲ್ವಾ?

ನಿವೃತ್ತ ನರ್ಸ್, ಪಾರ್ಕ್ ಎದುರು: ಬರಲ್ಲಪ್ಪ. ಆ ಹನಿ ಪೋಲಿಯೋಗೆ ಮಾತ್ರ. ಟಿಟಿ ಧನುರ್ವಾಯುಗೆ ಮಾತ್ರ. ಟಿಡಿಯಲ್ಲಿ ಗಂಟಲುಮಾರಿಯದ್ದೂ ಇದೆ. ಅದೇ ಡಿಫ್ತೀರಿಯಾ. ಗಂಟಲುಮಾರಿಗೆ ಒಂದೇ ಸಲ ಹಾಕಿದರೆ ಸಾಲದು. ಮಗುವಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾ, ಅಂದರೆ ಐದು ರೋಗಕ್ಕೆ ಸೇರಿಸಿ ಕೊಡುವ ಲಸಿಕೆ. ಒಂದೂವರೆ ವರ್ಷದ ಹೊತ್ತಿಗೆ ಡಿಪಿಟಿ, 5–6 ವರ್ಷಕ್ಕೆ ಇನ್ನೊಂದು. 10ಕ್ಕೆ, 16ಕ್ಕೆ ಟಿಡಿ. ಮೊದಲಿನವಕ್ಕೆಲ್ಲ ಓಡೋಡಿ ಬರುತ್ತೀರಿ. ತಾಯಿ ಕಾರ್ಡ್ ಬೀರು ಸೇರಿತೋ, ಮುಗೀತು. ಆದರೆ ಈ ಲಸಿಕೆಯ ಬಲ ವರ್ಷ ಕಳೆದ ಹಾಗೆ ಇಳಿಯುತ್ತದೆ. ಅದಕ್ಕೇ ಈಗ ಶಾಲೆ ಮಕ್ಕಳಲ್ಲಿ, ದೊಡ್ಡವರಲ್ಲೂ ಗಂಟಲುಮಾರಿ ಕಾಣುತ್ತಿದೆ.

ಶುರುವಿನಲ್ಲಿ ಬರೀ ಗಂಟಲುನೋವು. ಜ್ವರವೂ ಜಾಸ್ತಿ ಇರಲ್ಲ. ಆಮೇಲೆ ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟುತ್ತದೆ, ಕತ್ತು ಊದುತ್ತದೆ, ಉಸಿರು ಕಟ್ಟಬಹುದು. ರೋಗಾಣು ಬಿಡುವ ವಿಷ ಇನ್ನೂ ಕೆಟ್ಟದ್ದು. ಹೃದಯ, ನರ ಎರಡಕ್ಕೂ ಹೋಗುತ್ತದೆ. ಪ್ರತಿವಿಷ ಇದೆ, ಆದರೆ ರಕ್ತದಲ್ಲಿ ಓಡಾಡುವ ವಿಷವನ್ನಷ್ಟೇ ಅದು ತಡೆಯುತ್ತದೆ. ಹೃದಯ ಸೇರಿದ್ದನ್ನು ಬಿಡಿಸಲು ಆಗಲ್ಲ. ಅದಕ್ಕೇ ಡಾಕ್ಟರು ಅನುಮಾನ ಬಂದ ಕೂಡಲೇ, ರಿಪೋರ್ಟ್‌ಗೂ ಕಾಯದೆ ಕೊಡುತ್ತಾರೆ. ಉಪ್ಪುನೀರು ಮುಕ್ಕಳಿಸುತ್ತಾ ದಿನ ತಳ್ಳಬೇಡಿ.

ಕೈನೋವು ಒಂದೆರಡು ದಿನ ಅಷ್ಟೇ ಕಣಮ್ಮ. ಶನಿವಾರ ಹಾಕಿಸು.

ಮೂಲೆ ಮನೆ: ನಮ್ಮ ಮಕ್ಕಳದ್ದು ಹಾಗಿರಲಿ. ಹೊಸ ಅಪಾರ್ಟ್‌ಮೆಂಟ್ ಶೆಡ್‌ನಲ್ಲಿರುವ ಮಕ್ಕಳಿಗೆ ಒಂದು ಲಸಿಕೆಯೂ ಆಗಿರಲ್ಲ. ಅವರನ್ನು ಪಾರ್ಕಿಗೆ ಬಿಡೋದೇ ಬೇಡ.

ನಿವೃತ್ತ ನರ್ಸ್: ಪಾರ್ಕ್ ಗೇಟ್ ಹಾಕಿದರೆ ಕೆಮ್ಮು ನಿಲ್ಲುತ್ತಾ ಸರ್? ಅವರ ತಾಯಂದಿರೇ ಅಲ್ವಾ ನಮ್ಮ ಮನೆ ಪಾತ್ರೆ ತೊಳೆಯೋದು? ಅವರೇನು ಬೇಡ ಅಂದವರಲ್ಲ. ಕೆಲಸ ಇರುವ ಕಡೆ ಹೋಗುತ್ತಾರೆ, ಕಾರ್ಡ್ ಊರಲ್ಲೇ ಉಳಿಯುತ್ತದೆ. ಲಸಿಕೆಗೆ ಹೋದರೆ ಅವತ್ತಿನ ಕೂಲಿ ಹೋಯ್ತು. ಕಾರ್ಡ್ ಇಲ್ಲದಿದ್ದರೂ ಹಾಕುತ್ತಾರೆ. ಅರ್ಧಕ್ಕೆ ನಿಂತಿದ್ದರೆ ಅಲ್ಲಿಂದಲೇ ಮುಂದುವರಿಸಬಹುದು. 1990ರ ದಶಕದಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರಿಗೆ ಈ ಗಂಟಲುಮಾರಿ ಬಂತು. ಲಸಿಕೆ ಚೆನ್ನಾಗಿ ಗೊತ್ತಿದ್ದ ದೇಶ ಅದು.

ಮೂಲೆ ಮನೆ: ಸರಿ ಮೇಡಂ. ಮೇಸ್ತ್ರಿ ನನಗೆ ಪರಿಚಯ, ಮಾತಾಡುತ್ತೇನೆ. ಪಾರ್ಕ್ ವಿಷಯ ಆಮೇಲೆ ನೋಡೋಣ.

ಕಾರ್ಯದರ್ಶಿ: ಶೆಡ್ ಹತ್ತಿರವೇ ಶಿಬಿರ ಮಾಡಿ ಅಂತ ಆರೋಗ್ಯ ಕೇಂದ್ರಕ್ಕೆ ಅರ್ಜಿ ಬರೆಯುತ್ತೇನೆ. ಹಾಸನಾಂಬೆ ಬಾಗಿಲು ತೆರೆಯುವ ಮುಂಚೆ ಆಗಬೇಕು. ಆಮೇಲೆ ಸಿಬ್ಬಂದಿಗೆಲ್ಲ ಅಲ್ಲೇ ಡ್ಯೂಟಿ, ನಮ್ಮ ಕಡೆ ಯಾರೂ ತಿರುಗಿ ನೋಡಲ್ಲ. ಹಿಂದಿ ಬರುವವರು ಶೆಡ್‌ಗೆ ಹೋಗಿ ಮಕ್ಕಳ ಹೆಸರು, ವಯಸ್ಸು ಬರೆದುಕೊಳ್ಳಬೇಕು. ಯಾರು ಬರುತ್ತೀರಿ?

2ನೇ ಕ್ರಾಸ್, ಹಸಿರು ಗೇಟ್ ಮನೆ: ನಾನು ಬರುತ್ತೇನೆ. ಮಗನ ಚೀಟಿಗೂ ಸಹಿ ಹಾಕಿದೆ. ಆಂಟಿ, ದೊಡ್ಡವರೂ ಹಾಕಿಸಿಕೊಳ್ಳಬಹುದಾ?

ನಿವೃತ್ತ ನರ್ಸ್: ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಂಡರೆ ಒಳ್ಳೆಯದು. ನಿಮ್ಮ ಡಾಕ್ಟರನ್ನು ಕೇಳಿ. ಶಿಬಿರದ ಡೋಸ್‌ಗೆ ಮಾತ್ರ ಕಣ್ಣು ಹಾಕಬೇಡಿ, ಅದು ಮಕ್ಕಳದ್ದು.