ಬೂಟ್ ಮುಗಿದ ಮೇಲೆ ರಿಜಿಸ್ಟರ್ ಓದಿದರೆ ಬೋರ್ಡ್ ಹ್ಯಾಂಗ್: ಕ್ಲಾಕ್ ಸಮಸ್ಯೆಯೇ?

ಪ್ರಶ್ನೆ:
ಲಿನಕ್ಸ್ 6.6, ಆರ್ಮ್ 64 ಬೋರ್ಡ್. ಪ್ಲಾಟ್‌ಫಾರ್ಮ್ ಡ್ರೈವರ್ ಬರೆಯುತ್ತಿದ್ದೇನೆ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಫೈಲ್) ‘ಬಸ್’, ‘ಕೋರ್’ ಅಂತ ಎರಡು ಕ್ಲಾಕ್ ಇವೆ. ಡ್ರೈವರ್ ಆನ್ ಮಾಡುವುದು ಕೋರ್ ಮಾತ್ರ. ಪ್ರೋಬ್‌ನಲ್ಲಿ (ಡಿವೈಸ್ ಸಿಕ್ಕಾಗ ಡ್ರೈವರ್‌ನಲ್ಲಿ ಮೊದಲು ಓಡುವ ಫಂಕ್ಷನ್) ವರ್ಷನ್ ರಿಜಿಸ್ಟರ್ ಸರಿಯಾಗಿ ಓದುತ್ತದೆ. ಬೂಟ್ ಆದ ಮೇಲೆ ಡಿವೈಸ್ ಓಪನ್ ಮಾಡಿದರೆ ಬೋರ್ಡ್ ಹ್ಯಾಂಗ್, ಲಾಗ್ ಒಂದು ಸಾಲೂ ಇಲ್ಲ. ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ‘ಕ್ಲಾಕ್ ಪ್ರಿಪೇರ್ ಎನೇಬಲ್’ ಕರೆದರೆ ‘ಶೆಡ್ಯೂಲಿಂಗ್ ವೈಲ್ ಅಟಾಮಿಕ್’ (ನಿದ್ದೆ ಮಾಡಬಾರದ ಕಡೆ ನಿದ್ದೆ ಮಾಡಿದ ದೋಷ) ಬರುತ್ತದೆ. ಏನು ಮಾಡಬೇಕು?

ಉತ್ತರ 1:
ಬಸ್ ಕ್ಲಾಕನ್ನು ಬೂಟ್‌ಲೋಡರ್ ಆನ್ ಮಾಡಿಯೇ ಬಿಟ್ಟಿರಬೇಕು, ಅದಕ್ಕೇ ಪ್ರೋಬ್ ಪಾಸಾಗುತ್ತಿದೆ. ಬೂಟ್‌ನ ಕೊನೆಯ ಇನಿಟ್‌ಕಾಲ್ (ಕರ್ನಲ್ ಬೂಟ್‌ನಲ್ಲಿ ಸರದಿಯಂತೆ ಕರೆಯುವ ಫಂಕ್ಷನ್‌ಗಳ) ಹಂತದಲ್ಲಿ, ಯಾವ ಡ್ರೈವರೂ ಎನೇಬಲ್ ಮಾಡದ ಕ್ಲಾಕ್‌ಗಳನ್ನು ಕರ್ನಲ್ ಆಫ್ ಮಾಡುತ್ತದೆ. ಆಮೇಲೆ ರಿಜಿಸ್ಟರ್ ಓದಿದರೆ ಕೆಲವು ಚಿಪ್‌ಗಳಲ್ಲಿ ಎಕ್ಸ್‌ಟರ್ನಲ್ ಅಬಾರ್ಟ್ (ಬಸ್ ಕಡೆಯಿಂದ ಸಿಪಿಯುಗೆ ಬರುವ ದೋಷ) ಬರುತ್ತದೆ, ಉಳಿದವುಗಳಲ್ಲಿ ಸಿಪಿಯು ಉತ್ತರಕ್ಕೆ ಕಾಯುತ್ತಲೇ ನಿಂತುಬಿಡುತ್ತದೆ. ಲಾಗ್ ಬಾರದಿರುವುದು ಇದರಿಂದಲೇ.

ಖಾತ್ರಿ ಮಾಡಿಕೊಳ್ಳಲು ಕರ್ನಲ್ ಕಮಾಂಡ್ ಲೈನ್‌ಗೆ ‘ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್’ ಸೇರಿಸಿ ನೋಡಿ. ಹ್ಯಾಂಗ್ ನಿಂತರೆ ಕಾರಣ ಸಿಕ್ಕಿತು, ಆದರೆ ಆ ಆಯ್ಕೆಯನ್ನು ಅಲ್ಲೇ ಉಳಿಸಬೇಡಿ. ಡಿಬಗ್‌ಎಫ್‌ಎಸ್‌ನ (ಕರ್ನಲ್‌ನ ಒಳಸ್ಥಿತಿ ತೋರಿಸುವ ಫೈಲ್ ಸಿಸ್ಟಂ) ಕ್ಲಾಕ್ ಸಮ್ಮರಿ ಫೈಲಿನಲ್ಲಿ ಬಸ್ ಸಾಲಿನ ಎನೇಬಲ್ ಕೌಂಟ್ ಈಗ 0 ಇರುತ್ತದೆ. ಲಿನಕ್ಸ್ 6.0ರಿಂದ ‘ಡೆವ್‌ಎಂ ಕ್ಲಾಕ್ ಗೆಟ್ ಎನೇಬಲ್ಡ್’ ಫಂಕ್ಷನ್ ಇದೆ. ಎರಡು ಕ್ಲಾಕ್‌ಗಳನ್ನೂ ಹೆಸರು ಕೊಟ್ಟು ಅದರಿಂದಲೇ ಪಡೆಯಿರಿ, ಮೊದಲು ಬಸ್. ಎರರ್ ಬಂದರೆ ಅದನ್ನೇ ಹಿಂತಿರುಗಿಸಿ: -517 ಅಂದರೆ ಕ್ಲಾಕ್ ಡ್ರೈವರ್ ಇನ್ನೂ ಬಂದಿಲ್ಲ ಎಂದಷ್ಟೇ, ಪ್ರೋಬ್ ಮತ್ತೆ ನಡೆಯುತ್ತದೆ.

ಉತ್ತರ 2:
ಇಂಟರಪ್ಟ್ ವಿಷಯಕ್ಕೆ: ಪ್ರಿಪೇರ್ ಮ್ಯೂಟೆಕ್ಸ್ (ನಿದ್ದೆ ಮಾಡಿ ಕಾಯುವ ಲಾಕ್) ಹಿಡಿಯುತ್ತದೆ. ಪಿಎಲ್‌ಎಲ್ (ಕ್ಲಾಕ್ ಆವರ್ತನ ತಯಾರಿಸುವ ಸರ್ಕ್ಯೂಟ್) ಸ್ಥಿರವಾಗುವವರೆಗೆ ಅಥವಾ ಐ2ಸಿ (ಚಿಪ್‌ಗಳ ನಡುವಿನ ನಿಧಾನದ ಬಸ್) ಮೇಲಿನ ಕ್ಲಾಕ್ ಚಿಪ್ ಉತ್ತರಿಸುವವರೆಗೆ ಅದು ನಿದ್ದೆ ಮಾಡಬಹುದು. ಎನೇಬಲ್ ಹಿಡಿಯುವುದು ಸ್ಪಿನ್‌ಲಾಕ್ (ನಿದ್ದೆ ಮಾಡದೆ ಕಾಯುವ ಲಾಕ್). ಹಾಗಾಗಿ ಪ್ರಿಪೇರ್ ಪ್ರೋಬ್‌ನಲ್ಲಿ, ಬರೀ ಎನೇಬಲ್, ಡಿಸೇಬಲ್ ಹ್ಯಾಂಡ್ಲರ್‌ನಲ್ಲಿ. ಇದಕ್ಕೊಂದು ಬೆಲೆ ಇದೆ: ಪ್ರಿಪೇರ್ ಆಗಿಯೇ ಉಳಿದರೆ ಪಿಎಲ್‌ಎಲ್ ಓಡುತ್ತಲೇ ಇರಬಹುದು, ವಿದ್ಯುತ್ ಉಳಿಯುವುದಿಲ್ಲ. ರನ್‌ಟೈಮ್ ಪಿಎಂ (ಬಳಸದಾಗ ಡಿವೈಸ್ ಸಸ್ಪೆಂಡ್ ಮಾಡುವ ಕರ್ನಲ್ ವ್ಯವಸ್ಥೆ) ಕಾಲ್‌ಬ್ಯಾಕ್‌ಗಳಿಗೆ ಕ್ಲಾಕ್ ಕೆಲಸ ಒಪ್ಪಿಸುವುದೇ ನನ್ನ ಆಯ್ಕೆ. ಐಆರ್‌ಕ್ಯೂ (ಇಂಟರಪ್ಟ್) ಲೈನ್ ಹಂಚಿಕೆಯದಾಗಿದ್ದರೆ ಡಿವೈಸ್ ಸಸ್ಪೆಂಡ್ ಆಗಿದ್ದಾಗಲೂ ಹ್ಯಾಂಡ್ಲರ್ ಓಡುತ್ತದೆ, ಎಚ್ಚರ; ರಿಜಿಸ್ಟರ್ ಮುಟ್ಟುವ ಮುಂಚೆ ‘ಪಿಎಂ ರನ್‌ಟೈಮ್ ಗೆಟ್ ಇಫ್ ಆ್ಯಕ್ಟಿವ್’ ಕೇಳಿ, ಸಿಗದಿದ್ದರೆ ‘ಐಆರ್‌ಕ್ಯೂ ನನ್’ (ಈ ಇಂಟರಪ್ಟ್ ನನ್ನದಲ್ಲ) ಕೊಟ್ಟು ಹೊರಬನ್ನಿ.

ಉತ್ತರ 3:
ಮುಂದೆ ಕೋರ್ ರೇಟ್ ಬದಲಿಸುವುದಾದರೆ ‘ಸೆಟ್ ರೇಟ್’ 0 (ಯಶಸ್ಸು) ಕೊಟ್ಟಿತೆಂದು ನಂಬಿ ಕೂರಬೇಡಿ. ಪೇರೆಂಟ್ (ಕೋರ್‌ಗೆ ಮೂಲವಾದ ಕ್ಲಾಕ್) 250 ಮೆಗಾಹರ್ಟ್ಸ್‌ಗೆ ಸ್ಥಿರವಾಗಿದ್ದು, ಪೂರ್ಣಾಂಕ ಡಿವೈಡರ್ ಮಾತ್ರ ಇದ್ದರೆ 100 ಕೇಳಿದಾಗ ಸಿಗುವುದು 83.33; ಸಾಮಾನ್ಯ ಡಿವೈಡರ್ ಕೇಳಿದ್ದನ್ನು ಮೀರುವುದಿಲ್ಲ. ‘ಗೆಟ್ ರೇಟ್’ನಿಂದ ಮತ್ತೆ ಓದಿ, ಆ ಸಂಖ್ಯೆಯಿಂದಲೇ ಟೈಮಿಂಗ್ ಲೆಕ್ಕ ಹಾಕಿ.