ಬೈಕ್ ಹೆಲ್ಮೆಟ್ ಹಾಕಿಕೊಂಡು ಪ್ಯಾರಾಗ್ಲೈಡಿಂಗ್ ಮಾಡಬಹುದಾ?

ಬೀದರ್ ಹುಡುಗ:
ನಮಸ್ಕಾರ ರೀ. ವಾಯುಪಡೆಯ ಸೂರ್ಯಕಿರಣ ಕಸರತ್ತಿನ ವಿಮಾನಗಳನ್ನು ನೋಡಿ ನೋಡಿ ಕತ್ತು ನೋಯಿಸಿಕೊಂಡು ಬೆಳೆದವನು ನಾನು. ಡಿಸೆಂಬರ್‌ನಲ್ಲಿ ಪುಣೆ ಹತ್ತಿರದ ಕಾಮ್‌ಶೇತ್‌ಗೆ ಹೋಗಿ ಪ್ಯಾರಾಗ್ಲೈಡಿಂಗ್ ಕಲಿಯಬೇಕು ಅಂತಿದ್ದೇನೆ. ಮನೆಯಲ್ಲಿ ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್ ಇದೆ. ಅದೇ ಸಾಕಲ್ವಾ? ಸುಮ್ನೆ ಇನ್ನೊಂದಕ್ಕೆ ಯಾಕೆ ದುಡ್ಡು ಹಾಕೋದು?

ಕಲಬುರಗಿ ಕಾಕಾ:
ಸಾಕಾಗಲ್ಲ ತಮ್ಮಾ. ನಾನೂ ಇದೇ ಲೆಕ್ಕ ಹಾಕಿಕೊಂಡು ಹೋಗಿದ್ದೆ.

ಮೊದಲ ದಿನ ಹಾರಿಸಲಿಲ್ಲ. ಬಯಲಲ್ಲಿ ನಿಂತು ಗ್ಲೈಡರಿನ ಬಟ್ಟೆ ರೆಕ್ಕೆ ಎತ್ತಿ ತಲೆ ಮೇಲೆ ನಿಲ್ಲಿಸುವುದನ್ನು ಕಲಿಸಿದರು. ರೆಕ್ಕೆ ನೋಡಲು ತಲೆ ಎತ್ತಿದರೆ ಹೆಲ್ಮೆಟ್ಟಿನ ಹಿಂದಿನ ಅಂಚು ಮೈಗೆ ಕಟ್ಟಿಕೊಳ್ಳುವ ಪಟ್ಟಿ-ಸೀಟಿಗೆ (ಹಾರ್ನೆಸ್) ಬಡಿದು ಅಲ್ಲೇ ನಿಲ್ಲುತ್ತಿತ್ತು. ಮೇಲಿಂದ ಒಂದೂವರೆ ಕೆಜಿ ಭಾರ. ಮೇಷ್ಟ್ರು ರೇಡಿಯೋದಲ್ಲಿ "ಬ್ರೇಕ್ ಎಳಿ, ಬ್ರೇಕ್ ಎಳಿ" (ಬ್ರೇಕ್ ಅಂದರೆ ರೆಕ್ಕೆಯ ಹಿಂಭಾಗ ಎಳೆಯುವ ಹಗ್ಗ) ಅಂತ ಕೂಗಿದರಂತೆ. ಕಿವಿ ಮುಚ್ಚಿತ್ತು, ನನಗೆ ಕೇಳಲೇ ಇಲ್ಲ. ಗಾಳಿ ದರದರ ಎಳೆದುಕೊಂಡು ಹೋಗಿ ಜಾಲಿ ಕಂಟಿಯೊಳಗೆ ಒಗೆಯಿತು. ತಲೆ ಉಳಿಯಿತು, ಮೊಣಕೈ ತರಚಿತು. ಮುಳ್ಳು ಕೀಳುತ್ತಾ ನನ್ನಾಕೆ ಬೈದದ್ದು ಬೇರೆ!

ಕೊಳ್ಳುವಾಗ ಹೆಲ್ಮೆಟ್ ಒಳಗಿನ ಚೀಟಿಯಲ್ಲಿ "ಇಎನ್ 966" ಇದೆಯಾ ನೋಡು. ಅದು ಪ್ಯಾರಾಗ್ಲೈಡಿಂಗ್, ಹ್ಯಾಂಗ್ ಗ್ಲೈಡಿಂಗ್‌ನಂಥ ಗಾಳಿ ಆಟಗಳಿಗೆ ಅಂತಲೇ ಇರುವ ಯುರೋಪಿನ ಮಾನದಂಡ. ಇಎನ್ 1078 ಅಂತಿದ್ದರೆ ಅದು ಸೈಕಲ್ ಹೆಲ್ಮೆಟ್, ಬೇಡ. ಫುಲ್ ಫೇಸ್ ಬೇಕೆಂದರೆ ಇಎನ್ 966ರಲ್ಲೂ ಸಿಗುತ್ತವೆ. ನಾನು ಮುಖ ತೆರೆದಿರುವುದನ್ನೇ ಕೊಂಡೆ. ಗದ್ದಕ್ಕೆ ರಕ್ಷೆ ಇಲ್ಲ ನಿಜ, ಆದರೆ ಗಾಳಿ ಕೆನ್ನೆಗೆ ತಾಗುವುದು ಗೊತ್ತಾಗುತ್ತದೆ.

ಭಾಲ್ಕಿ ಅಕ್ಕ:
ಸೈಜ್ ಅಂದಾಜಲ್ಲಿ ಹೇಳಬೇಡಪ್ಪ. ಹೊಲಿಗೆ ಟೇಪ್ ತಗೊಂಡು, ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ತಲೆ ಸುತ್ತಳತೆ ನೋಡು. ಹಾಕಿಕೊಂಡ ಮೇಲೆ ಗದ್ದದ ಪಟ್ಟಿ ಬಿಗಿದು ಹಿಂದಿನಿಂದ ಮುಂದಕ್ಕೆ ದಬ್ಬಿ ನೋಡು. ಕಣ್ಣಿನ ಮೇಲೆ ಜಾರಿತೋ, ಅದು ನಿನ್ನ ಸೈಜ್ ಅಲ್ಲ. ಸೆಕೆಂಡ್ ಹ್ಯಾಂಡ್ ಅಂತೂ ಬೇಡವೇ ಬೇಡ. ಒಳಗಿನ ಥರ್ಮೋಕೋಲ್ ಒಮ್ಮೆ ಪೆಟ್ಟು ತಿಂದು ಅಮುಕಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ.

ಅಂದಹಾಗೆ ಕಲಿಸುವವರೇ ಹೆಲ್ಮೆಟ್ ಕೊಡುವುದುಂಟು. ಮೊದಲು ಫೋನ್ ಮಾಡಿ ಕೇಳು.

ಬೀದರ್ ಹುಡುಗ:
ಕೇಳಿದೆ ಅಕ್ಕಾ, ಕೊಡುತ್ತಾರಂತೆ. ಇಎನ್ 966 ಇದೆಯಾ ಅಂದಿದ್ದಕ್ಕೆ ಫೋಟೋ ಕಳಿಸಿದ್ದಾರೆ, ಚೀಟಿ ಇದೆ. ಅವ್ವನ ಟೇಪಿನಲ್ಲಿ ನನ್ನ ತಲೆ 61 ಸೆಂ.ಮೀ. ಬಂತು. ಅವರಲ್ಲಿರುವ ದೊಡ್ಡದು 60ರವರೆಗೆ ಮಾತ್ರ. ಕಾಕಾ, ನಿಮ್ಮದು ಎಷ್ಟು ಸೈಜು?